ಹಾಡಿನ ಡಬ್ಬಿಯಲ್ಲಿ ಇಲ್ಲದ ಹೆಸರು

ಕೊಟ್ಟೂರಿನ ಗುರುಸಂಗಪ್ಪನ ಸಾಮ್ರಾಜ್ಯ ಒಂದು ಕಾಲಕ್ಕೆ ಮೂಡಲಿಗೆ ಕೂಡ್ಲಿಗಿ, ಪಡುವಲಿಗೆ ಹರಪನಹಳ್ಳಿ, ಬಡಗಲಿಗೆ ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿಯ ತನಕ ಹಬ್ಬಿತ್ತು. ಆನೆ ಕುದುರೆ ಇರಲಿಲ್ಲ. ತಗಡಿನ ಹಾರ್ನುಗಳು, ಒಂದು ಆಂಪ್ಲಿಫೈಯರು, ಒಂದು ಟೇಪ್‌ರೆಕಾರ್ಡರು ಮತ್ತು ಒಂದು ಟ್ರಂಕಿನ ತುಂಬ ಕ್ಯಾಸೆಟ್ಟುಗಳು, ಇಷ್ಟೇ ಅವನ ಸೈನ್ಯ. ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ಮರ ಹತ್ತುತ್ತಿದ್ದವನು ಅವನೇ. ಬೇವಿನ ಮರದ ತುದಿಗೆ ಹಾರ್ನು ಕಟ್ಟಿ ಇಳಿದು, ಮೈಕು ಹಿಡಿದು 'ಹಲೋ, ಹಲೋ' ಎಂದು ಗರ್ಜಿಸಿದನೆಂದರೆ ಪಕ್ಕದೂರಿನ ಎಮ್ಮೆಗಳೂ ಕಿವಿ ನಿಮಿರಿಸುತ್ತಿದ್ದವು.

ಈ ಚಕ್ರವರ್ತಿ ತನ್ನ ರಾಜ್ಯದಲ್ಲಿ ಜಾರಿಗೆ ತಂದಿದ್ದ ಕಾನೂನು ಒಂದೇ. ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಬಿಡುವು ಇರಕೂಡದು. ಹಾರ್ನು ಸುಮ್ಮನಾದರೆ ಮದುವೆ ನಿಂತಿತೆಂದು ದಾರಿಹೋಕರು ತಿಳಿದಾರು, ಬೀಗರ ಮಾನ ಹೋದೀತು, ತನ್ನ ಮಾನ ಅದಕ್ಕಿಂತ ಮೊದಲೇ ಹೋದೀತು ಎಂಬುದು ಅವನ ವಾದ.

ಇಂಥ ಸಾರ್ವಭೌಮನ ಹೆಸರನ್ನು ಇಡೀ ಸೀಮೆಯಲ್ಲಿ ಬಾಯಿಬಿಟ್ಟು ಹೇಳದ ವ್ಯಕ್ತಿ ಅವನ ಹೆಂಡತಿ ಅನ್ನದಾನಮ್ಮ ಒಬ್ಬಳೇ. ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. 'ಏನ್ರಿ' ಎಂದರೆ ಗಂಡ, 'ಅರ್ಚನಾನ ಅಪ್ಪ' ಎಂದರೂ ಗಂಡ. ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ಅನ್ನದಾನಮ್ಮ ಮಗಳನ್ನು ಮುಂದಕ್ಕೆ ತಳ್ಳುತ್ತಿದ್ದಳು. ಹೆಸರು ಹೇಳಲೇಬೇಕಾದ ಸಂದರ್ಭವೆಂದರೆ ಮದುವೆಮನೆ. ಅಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹಟ ಹಿಡಿಯುತ್ತಾರೆ. ಆಗ ಒಂದು ಪದ್ಯದ ಸಾಲು ಕಟ್ಟಿ ಅದರ ಬಾಲಕ್ಕೆ ಹೆಸರು ಸೇರಿಸಿ ಹೇಳಬೇಕು. ಇದಕ್ಕೆ ಒಡಪು ಎನ್ನುತ್ತಾರೆ.

ಅನ್ನದಾನಮ್ಮ ಒಡಪು ಹೇಳಿದ್ದು ಒಮ್ಮೆ ಮಾತ್ರ. ಬಾಗಳಿಯಲ್ಲಿ, ತನ್ನ ತಮ್ಮ ಮರುಳಪ್ಪನ ಮದುವೆಯಲ್ಲಿ. ಮೈಕಿನ ಮುಂದೆ ಹೆಂಗಸರು ಸೋಬಾನೆ ಹಾಡಿ ಮುಗಿಸಿ ಆಕೆಯನ್ನು ಹಿಡಿದು ನಿಲ್ಲಿಸಿದರು. ಟೇಪ್‌ರೆಕಾರ್ಡರು ಎಲ್ಲವನ್ನೂ ತುಂಬಿಕೊಳ್ಳುತ್ತ ತಿರುಗುತ್ತಲೇ ಇತ್ತು. ಆದರೆ ಚಕ್ರವರ್ತಿ? ಹಾರ್ನಿನ ವೈರು ಕಿತ್ತುಹೋಗಿ ಸದ್ದು ನಿಂತು ಅವನ ಮಾನ ಹೋಗುವುದರಲ್ಲಿತ್ತಾದ್ದರಿಂದ, ಹಲ್ಲಲ್ಲಿ ವೈರು ಕಚ್ಚಿಕೊಂಡು ಬೇವಿನ ಮರದ ಮೇಲಿದ್ದ. ಇಳಿದು ಬರುವಷ್ಟರಲ್ಲಿ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು, ಅನ್ನದಾನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಏನಂದಿ?" ಎಂದು ಕೇಳಿದ.

"ಟೇಪಿನ್ಯಾಗ ಐತಿ, ಕೇಳ್ಕೋರಿ," ಎಂದಳು.

ಕೇಳಿದರಾಯಿತು, ಟ್ರಂಕಿನಲ್ಲಿರುವುದು ಎಲ್ಲಿಗೆ ಹೋದೀತು ಎಂದುಕೊಂಡ. ಹೆಂಡತಿ ಮನೆಯಲ್ಲೇ ಇರುವವನಿಗೆ ಹೆಂಡತಿಯ ಕ್ಯಾಸೆಟ್ಟು ಕೇಳುವ ಆತುರವೇನು?

ಕಾಲಾಂತರದಲ್ಲಿ ಲಾರಿಯ ಮೇಲೆ ಪೆಟ್ಟಿಗೆ ಹೇರಿಕೊಂಡು ಡಿಜೆಗಳು ದಂಡೆತ್ತಿ ಬಂದವು. ಎದೆ ನಡುಗಿಸುವ ಆ ಸೈನ್ಯದ ಎದುರು ತಗಡಿನ ಹಾರ್ನು ನಿಲ್ಲಲಿಲ್ಲ. ರಾಜ್ಯ ಹೋಯಿತು, ಟ್ರಂಕು ಉಳಿಯಿತು. ಆಗ ಅಳಿಯ ಪ್ರವೀಣಕುಮಾರ್ ಒಂದು ಸಂಜೆ ಸಣ್ಣದೊಂದು ವಸ್ತು ತಂದು ಮಾವನ ಕೈಯಲ್ಲಿಟ್ಟ. ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ಅವನು.

"ಏನಪ್ಪಾ ಇದು, ಸಾಬೂನಿನ ಡಬ್ಬಿ?"

"ಕಂಪ್ಯೂಟರ್ ರೀ ಮಾವ."

"ಕಂಪ್ಯೂಟರಿಗೆ ಮುಖ ಎಲ್ಲೈತಿ?"

"ಇದಕ್ಕ ಮುಖ ಬ್ಯಾಡ. ನಿಮ್ಮ ಹಾಡೆಲ್ಲ ಹೊಟ್ಟಿಯಾಗ ಇಟ್ಕೊಂಡು ಕುಂದ್ರತೈತಿ. ನೀವು ಫೋನಿನ್ಯಾಗ ಯಾವ ಹಾಡು ಒತ್ತತೀರೋ ಅದನ್ನ ಮನಿಯಾಗಿನ ಯಾವ ಸ್ಪೀಕರ್ ಬೇಕೋ ಅದರಾಗ ಹಾಡತೈತಿ. ನಡುಮನಿಗೊಂದು, ಅಡಗಿಮನಿಗೊಂದು."

ಅಡುಗೆಮನೆಯಿಂದ ಅನ್ನದಾನಮ್ಮನ ದನಿ ಬಂತು. "ಕರದ ಕೂಡ್ಲೇ ಓ ಅಂತೈತಿ, ಹೇಳಿದ್ದು ಮಾಡತೈತಿ, ಎರಡನೇ ಸಲ ಚಾ ಕೇಳಂಗಿಲ್ಲ. ನಮ್ಮಪ್ಪ ನನಗ ಇಂಥದೊಂದು ಹುಡುಕಬೇಕಿತ್ತು ನೋಡಪಾ ಪ್ರವೀಣ."

ಡಬ್ಬಿಯನ್ನು ಗೋಡೆಯ ಗೂಡಿನಲ್ಲಿ ವಿಭೂತಿ ಹಚ್ಚಿ ಪ್ರತಿಷ್ಠಾಪಿಸಲಾಯಿತು. ಅಂದಿನಿಂದ ಗುರುಸಂಗಪ್ಪ ಎರಡನೆಯ ಸಾಮ್ರಾಜ್ಯ ಕಟ್ಟಲು ಕೂತ. ಟೇಪ್‌ರೆಕಾರ್ಡರಿನಿಂದ ಅಳಿಯನ ಹಳೆಯ ಲ್ಯಾಪ್‌ಟಾಪಿಗೆ ವೈರು, ಅಲ್ಲಿ ಹಾಡುಗಳ ಶುದ್ಧೀಕರಣ, ಆಮೇಲೆ ಡಬ್ಬಿಯೊಳಗೆ ಪ್ರವೇಶ. ಶುದ್ಧೀಕರಣವೆಂದರೆ ಹಳೆಯ ಕಾನೂನೇ. ಪರದೆಯ ಮೇಲೆ ಹಾಡಿದ್ದಲ್ಲಿ ಗೆರೆ ಗುಡ್ಡದಂತೆ ಏಳುತ್ತಿತ್ತು, ಮಾತಿದ್ದಲ್ಲಿ ಹುಲ್ಲಿನಂತೆ ಸಣಕಲಾಗಿರುತ್ತಿತ್ತು. ಅನುಭವಿ ರೈತ ಕಳೆ ಕೀಳುವಂತೆ ಅವನು ಹುಲ್ಲನ್ನೆಲ್ಲ ಕಣ್ಣಳತೆಯಲ್ಲೇ ಹಿಡಿದು ಕಿತ್ತೆಸೆಯುತ್ತಿದ್ದ. ಕಿವಿಯಿಂದ ಕೇಳಿ ನೋಡುವುದು ಕಲಿಯುವವರ ಕೆಲಸ ಎಂದು ಅವನ ಭಾವನೆ.

"ಮಾತ್ಯಾಕ ಕತ್ತರಿಸ್ತೀರಿ? ಜನ ನಕ್ಕಿದ್ದು ಕೆಮ್ಮಿದ್ದು ಇರಲಿ ಬಿಡ್ರಿ," ಎಂದಳು ಅನ್ನದಾನಮ್ಮ, ಅವರೆಕಾಯಿ ಸುಲಿಯುತ್ತ.

"ಹಾಡಿನ ನಡುಕ ಮಾತಿಗೇನು ಕೆಲಸ? ಮಾತಿಗೆ ಮನಿಯಾಗ ನೀನು ಅದಿಯಲ್ಲ, ದಿನಾ ಪುಕ್ಕಟೆ ಕೇಳ್ತೀನಿ."

"ಕೇಳ್ತಾರಂತ!" ಎಂದು ಅವಳು ಅವರೆಕಾಯಿಗೆ ಹೇಳಿದಳು.

ಟ್ರಂಕು ಖಾಲಿಯಾಗುವ ಹೊತ್ತಿಗೆ ಬಾಗಳಿಯಿಂದ ಮರುಳಪ್ಪ ಬಂದ. ಅವನ ಜೋಳ ಹಾಲುಗಾಳು ತುಂಬಿ ಬಂದಿತ್ತು, ಗಿಳಿಗಳೂ ಬಂದಿದ್ದವು. ಕ್ಯಾಸೆಟ್ಟಿನೊಳಗಿನ ಕರಿಯ ಪಟ್ಟಿಯನ್ನು ಹೊಲದ ಮೇಲೆ ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದರೆ ಗಾಳಿಗೆ ಗುಂಯ್ ಎನ್ನುತ್ತದೆ, ಬಿಸಿಲಿಗೆ ಥಳಥಳಿಸುತ್ತದೆ, ಗಿಳಿಗಳು ಹತ್ತಿರ ಬರುವುದಿಲ್ಲ. ನಮ್ಮ ಸೀಮೆಯ ರೈತರೆಲ್ಲ ಬಲ್ಲ ಉಪಾಯ ಇದು.

"ಭಾವ, ಹಾಡೆಲ್ಲ ಡಬ್ಬಿಗೆ ಹೋದುವಲ್ಲ, ಇನ್ನ ಈ ಸಿಪ್ಪಿ ನಿಮಗ್ಯಾಕ?"

ಕೇಳಿದವರಿಗೆ ಇಲ್ಲವೆನ್ನುವ ವಂಶವೇ ಅಲ್ಲ. ಗುರುಸಂಗಪ್ಪ ಟ್ರಂಕನ್ನೇ ದಾನ ಮಾಡಿದ. ಅನ್ನದಾನಮ್ಮ ತಮ್ಮನಿಗೆ ಅವರೆಕಾಳು ಕಟ್ಟಿಕೊಟ್ಟು, "ಜ್ವಾಳ ಬಂದ್ಮ್ಯಾಲ ಒಂದು ಚೀಲ ಕಳಸು, ನಮ್ಮ ಹಾಡಿನ ಬಾಡಿಗಿ," ಎಂದಳು.

ಜೋಳ ಬಂತು. ಅನ್ನದಾನಮ್ಮ ಹೆಚ್ಚು ದಿನ ಆ ಜೋಳದ ರೊಟ್ಟಿ ತಟ್ಟಲಿಲ್ಲ. ಹೊಟ್ಟೆನೋವು ಎಂದು ಶುರುವಾದದ್ದು ದಾವಣಗೆರೆಯ ಆಸ್ಪತ್ರೆಯ ಮಂಚದಲ್ಲಿ ಮಲಗಿಸಿತು. ಅಲ್ಲಿಯೂ ನರ್ಸು ಗಂಡನ ಹೆಸರು ಕೇಳಿದರೆ, "ಅಲ್ಲಿ ಗ್ವಾಡಿಗೆ ಒರಗಿ ನಿಂತಾರಲ್ಲವ್ವ, ಅವ್ರನ್ನ ಕೇಳು," ಎಂದು ಬೆರಳು ತೋರಿಸಿದಳು. ನರ್ಸು ನಕ್ಕಳು. ಗೋಡೆಗೆ ಒರಗಿದ್ದವನು ನಗಲಿಲ್ಲ.

ಮಧ್ಯಾಹ್ನ ಹಣ್ಣಿನ ರಸ ಕುಡಿಸುತ್ತ ಗುರುಸಂಗಪ್ಪ ಕೇಳಿದ. "ಒಂದ್ಸಲ ನನ್ನ ಹೆಸರು ಹೇಳಲೇ. ಯಾರೂ ಇಲ್ಲ."

"ಥೂ, ನಾಚಿಕಿ ಇಲ್ಲೇನ್ರಿ ನಿಮಗ? ಬೀಗತನ ಮಾಡೋ ವಯಸ್ಸಿನ್ಯಾಗ!"

"ಹೇಳ."

ಅವಳು ರಸ ನುಂಗಿ ಕಣ್ಣು ಮುಚ್ಚಿದಳು. "ಒಂದ್ಸಲ ಹೇಳೀನಲ್ರಿ, ಮರುಳಪ್ಪನ ಮದ್ವಿಯಾಗ. ನಿಮ್ಮ ಡಬ್ಬಿಯಾಗ ಐತಲ್ಲ. ಮನಿಗೆ ಹೋಗಿ ಕೇಳ್ಕೋರಿ."

ಅವಳು ಮನೆಗೆ ಬಂದದ್ದು ಬೇರೆ ರೀತಿಯಲ್ಲಿ.

ಅವಳ ಶಿವಗಣಾರಾಧನೆ ಮುಗಿದು ನೆಂಟರು ಹೋದ ಮೇಲೆ ಗುರುಸಂಗಪ್ಪ ಗೂಡಿನ ಮುಂದೆ ಕೂತು ಫೋನು ತೆಗೆದ. 'ಮರುಳಪ್ಪನ ಮದುವೆ' ಎಂದು ಒತ್ತಿದ. ಡಬ್ಬಿ ಓ ಎಂದಿತು. ಸೋಬಾನೆ ಶುರುವಾಯಿತು. ಹತ್ತಾರು ಹೆಂಗಸರ ದನಿ, ಅದರಲ್ಲಿ ಅವಳದ್ದೂ ಎಲ್ಲೋ ಸೇರಿದೆ. ಹಾಡು ಮುಗಿಯಿತು. ಉಸಿರು ಎಳೆದುಕೊಳ್ಳುವಷ್ಟೂ ಬಿಡುವಿಲ್ಲದೆ ಮುಂದಿನ ಹಾಡು ಹತ್ತಿಕೊಂಡಿತು. ಅದು ಮುಗಿಯಿತು, ಅದರ ಮುಂದಿನದು. ಎಷ್ಟು ಚೊಕ್ಕ! ಒಂದು ಮಾತಿಲ್ಲ, ಒಂದು ನಗುವಿಲ್ಲ, ಒಂದು ಕೆಮ್ಮಿಲ್ಲ. ಸಾಮ್ರಾಟನ ಕಾನೂನು ಎಳ್ಳಷ್ಟೂ ಮುರಿದಿರಲಿಲ್ಲ.

ಅಳಿಯನನ್ನು ಕರೆಸಿದ. ಪ್ರವೀಣಕುಮಾರ್ ಡಬ್ಬಿ ನೋಡಿದ, ಲ್ಯಾಪ್‌ಟಾಪು ನೋಡಿದ, ತಲೆ ಎತ್ತಲಿಲ್ಲ.

"ಮಾವ, ಕತ್ತರಿಸಿದ್ದು ಎಲ್ಲೂ ಉಳಿದಿಲ್ರಿ. ನೀವು ಕತ್ತರಿಸಿದ್ದರ ಮ್ಯಾಲನೇ ಸೇವ್ ಮಾಡೀರಿ."

"ಮತ್ತ?"

"ಮತ್ತ... ಕ್ಯಾಸೆಟ್ ಇದ್ರ ಹೊಸದಾಗಿ ಏರಿಸಬೌದು."

ಗುರುಸಂಗಪ್ಪ ಚಪ್ಪಲಿ ಹಾಕಿಕೊಂಡವನೇ ಬಾಗಳಿಯ ಬಸ್ಸು ಹಿಡಿದ.

ಮರುಳಪ್ಪ ಹೊಲದಲ್ಲೇ ಇದ್ದ. ಹಿಂದಿನ ಬೆಳೆಗೆ ಕಟ್ಟಿದ್ದ ಪಟ್ಟಿಗಳನ್ನು ಬಿಚ್ಚಿರಲಿಲ್ಲ, ಈ ಸಲದ ಜೋಳಕ್ಕೂ ಅವೇ ಕಾವಲು. ಗಾಳಿ ಬೀಸಿದಾಗ ಇಡೀ ಹೊಲ ಗುಂಯ್ ಎನ್ನುತ್ತಿತ್ತು.

"ಬರ್ರಿ ಭಾವ! ನೋಡ್ರಿ, ನಿಮ್ಮ ಹಾಡಿಗೆ ಹೆದರಿ ಒಂದು ಗಿಳಿ ಈ ಕಡಿ ಸುಳಿಯಂಗಿಲ್ಲ. ಊರಾಗ ಎಲ್ರೂ ನಗ್ತಾರ, ನಿಮ್ಮ ಭಾವನ ಮೈಕ್ ಸೆಟ್ ಇನ್ನೂ ನಡದೈತಿ ಅಂತ."

"ಮರುಳಪ್ಪ, ಇದರಾಗ ನಿನ್ನ ಮದ್ವಿ ಕ್ಯಾಸೆಟ್ ಯಾವುದು?"

ಮರುಳಪ್ಪ ನಕ್ಕ. ಆಮೇಲೆ ಭಾವನ ಮುಖ ನೋಡಿ ನಗು ನಿಲ್ಲಿಸಿದ. ವಿಷಯ ತಿಳಿದ ಮೇಲೆ ಬದುವಿನ ಮೇಲೆ ಕುಕ್ಕರಿಸಿದ.

"ಅಕ್ಕ ಹೇಳಿದ ಒಡಪು ನನಗ ನೆನಪೈತಿ, ಭಾವ. ಹೇಳ್ಲ್ಯಾ?"

"ಹೇಳು."

"ಗಿಡದ ತುದಿಗೆ ಹಾರ್ನ ಕಟ್ಟಿ ಊರಿಗೆಲ್ಲ ಹಾಡತಾರ, ಮಗ್ಗಲದಾಗ ನಾನು ಕರದ್ರ ಕೇಳಿಸಲಿಲ್ಲ ಅಂತಾರ..." ಮರುಳಪ್ಪ ಅಷ್ಟಕ್ಕೆ ನಿಲ್ಲಿಸಿ ನೆಲ ನೋಡಿದ. "ಮುಂದ ನಿಮ್ಮ ಹೆಸರು."

ಗುರುಸಂಗಪ್ಪ ಹೊಲದ ಕಡೆ ತಿರುಗಿದ. ಗಾಳಿ ಬಂತು, ಗುಂಯ್ ಎಂದಿತು, ನಿಂತಿತು. ಈ ಗೂಟದಿಂದ ಆ ಗೂಟಕ್ಕೆ ಎಲ್ಲಿಯೋ ಒಂದು ಮೊಳದಷ್ಟು ಜಾಗದಲ್ಲಿ ಅವನ ಹೆಸರು ಬಿಸಿಲಿಗೆ ಒಣಗುತ್ತಿತ್ತು, ಗಿಳಿ ಓಡಿಸುತ್ತಿತ್ತು.

ಇಬ್ಬರೂ ಪಟ್ಟಿ ಬಿಚ್ಚತೊಡಗಿದರು. ದಾರಿಹೋಕನೊಬ್ಬ ನಿಂತು, "ಮರುಳಪ್ಪ, ಗಿಳಿಗೆ ಊಟಕ್ಕ ಹೇಳೀರೇನು?" ಎಂದ. "ಹೌದೋ, ನೀನೂ ಬಾ," ಎಂದು ಮರುಳಪ್ಪ ಕಣ್ಣೊರೆಸಿಕೊಂಡು ಬೈದ. ಪಟ್ಟಿಗಳು ಕೈಯಲ್ಲಿ ತುಂಡಾಗುತ್ತಿದ್ದವು, ಕರಿಯ ಪುಡಿ ಬೆರಳಿಗೆ ಹತ್ತುತ್ತಿತ್ತು. ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಕೊಟ್ಟೂರಿಗೆ ತಂದದ್ದನ್ನು ನೋಡಿದರೆ ಯಾರೋ ಎಮ್ಮೆಯ ಕೂದಲು ಕತ್ತರಿಸಿ ತಂದಂತಿತ್ತು.

ಮಳೆಗಾಲವೆಲ್ಲ ಆ ಕೆಲಸವಾಯಿತು. ಹರಕು ತುಂಡುಗಳನ್ನು ಅಂಟಿಸಿ ಖಾಲಿ ಕ್ಯಾಸೆಟ್ಟಿಗೆ ಸುತ್ತುವುದು, ಟೇಪ್‌ರೆಕಾರ್ಡರಿಗೆ ಹಾಕಿ ಕಿವಿಯಿಟ್ಟು ಕೇಳುವುದು. ಈಗ ಅವನು ಕಣ್ಣಳತೆಯನ್ನು ನಂಬುತ್ತಿರಲಿಲ್ಲ. ಒಂದರಲ್ಲಿ ಭಜನೆಯ ತಾಳ, ಒಂದರಲ್ಲಿ ಶಹನಾಯಿಯ ಬಾಲ, ಒಂದರಲ್ಲಿ ಅವನದ್ದೇ 'ಹಲೋ, ಹಲೋ'. ಹೆಚ್ಚಿನವುಗಳಲ್ಲಿ ಬರೀ ಸುಯ್ಯೆನ್ನುವ ಸದ್ದು.

ಅರ್ಚನಾ ಬಂದು ರೊಟ್ಟಿ ತಟ್ಟುತ್ತಿದ್ದ ಒಂದು ಬೆಳಿಗ್ಗೆ ಒಂದು ತುಂಡು ಮಾತಾಡಿತು. ಸೋಬಾನೆಯ ಕೊನೆಯ ಸಾಲು. ಹೆಂಗಸರ ಗಲಾಟೆ. "ಹೆಸರು ಹೇಳಬೇ, ಹೇಳಿ ಒಳಗ ಹೋಗು." ಆಮೇಲೆ ಅವಳು. ಚಿಕ್ಕ ವಯಸ್ಸಿನ, ನಗು ತಡೆದುಕೊಂಡ ದನಿ.

"ಅವ್ರು ಗಿಡದ ಮ್ಯಾಲ ಅದಾರಿಲ್ಲ? ಕೇಳ್ಸಂಗಿಲ್ಲಲ್ಲ? ಹಂಗಾರ ಹೇಳ್ತೀನಿ ತಡೀರಿ."

ಅಲ್ಲಿಂದ ಮುಂದೆ ಸುಯ್ಯೆಂಬ ಸದ್ದು. ಪಟ್ಟಿ ಬಿಸಿಲಿಗೆ ಬೆಳ್ಳಗಾಗಿತ್ತು.

ಅದನ್ನು ಡಬ್ಬಿಗೆ ಏರಿಸುವಾಗ ಅಳಿಯ ಮೆಲ್ಲಗೆ ಹೇಳಿದ, "ಮಾವ, ಮಾತು ಇಟ್ಕೊಂಡು ಆ ಖಾಲಿ ಸದ್ದು ತೆಗೀಲೇನ್ರಿ? ಭಾಳ ಉದ್ದ ಐತಿ."

"ಮುಟ್ಟಬ್ಯಾಡ."

"ಅದರಾಗ ಏನಿಲ್ಲಲ್ರಿ..."

"ಆಕಿ ಅದರಾಗ ನನ್ನ ಹೆಸರು ಹೇಳಾಕತ್ಯಾಳ. ನಿನ್ನ ಡಬ್ಬಿಗೆ ತಿಳಿಯಂಗಿಲ್ಲ, ಸುಮ್ನಿರು."

ಈಗ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಡಬ್ಬಿ ಸೋಬಾನೆ ಹಾಡುತ್ತದೆ. ಹಾಡಿನ ಹಿಂದೆ ಅನ್ನದಾನಮ್ಮ ತಡೀರಿ ಎನ್ನುತ್ತಾಳೆ. ಆಮೇಲೆ ನಡುಮನೆಯಲ್ಲೂ ಅಡುಗೆಮನೆಯಲ್ಲೂ ಸುಯ್ಯೆಂಬ ಸದ್ದು ತುಂಬುತ್ತದೆ. ಹಾಡಿಗೂ ಹಾಡಿಗೂ ನಡುವೆ ಚಣದ ಬಿಡುವನ್ನು ಸಹಿಸದಿದ್ದ ಗುರುಸಂಗಪ್ಪ ಗೂಡಿನ ಕಡೆ ಕತ್ತು ಚಾಚಿ ಕೂತಿರುತ್ತಾನೆ. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸುವಂತಿಲ್ಲ. ಮೊನ್ನೆ ಮರುಳಪ್ಪ ಜೋಳದ ಚೀಲ ಹೊತ್ತು ಬಂದವನು ಹೊಸ್ತಿಲಲ್ಲೇ ನಿಂತ. ಗಿಳಿ ತಿಂದು ಉಳಿದದ್ದಾದ್ದರಿಂದ ಚೀಲ ಅರ್ಧವೇ ಇತ್ತು. ಸದ್ದು ಮುಗಿಯುವ ತನಕ ಅದನ್ನು ಹೆಗಲಿನಿಂದ ಇಳಿಸಲಿಲ್ಲ.