ಪೂವಯ್ಯನವರ ಕಾರಿನ ಮೆರುಗು

ವಿರಾಜಪೇಟೆಯ ಅಂಗಡಿಯೊಂದರಲ್ಲಿ ಕರ್ಪೂರಕ್ಕಾಗಿ ಕಾಯುತ್ತ ನಿಂತಿದ್ದಾಗ ಕಪಾಟಿನಲ್ಲಿದ್ದ ಎರಡು ಡಬ್ಬಿಗಳು ನನ್ನ ಗಮನ ಸೆಳೆದವು. ಎರಡರ ಮೇಲೂ ಮೋಟಾರು ಕಾರಿನ ಚಿತ್ರ, ಎರಡು ಕಾರುಗಳಿಗೂ ಸೂರ್ಯಬಿಂಬದಂತಹ ಕಾಂತಿ. ಮುಚ್ಚಳ ತೆರೆಸಿ ನೋಡಿದರೆ ಒಂದರೊಳಗೆ ನುಣ್ಣನೆಯ ಮರಳು ಬೆರೆಸಿದಂತೆ ಬೆರಳಿಗೆ ತರಿತರಿಯಾಗಿ ತಾಗುವ ಕಂದುಬಣ್ಣದ ಲೇಹ್ಯ, ಇನ್ನೊಂದರೊಳಗೆ ಬೆಣ್ಣೆಯಂತಹ ಮೇಣ. ಒಂದೇ ಫಲಕ್ಕೆ ಪರಸ್ಪರ ವಿರುದ್ಧವಾದ ಎರಡು ಸಾಧನಗಳು ಕಣ್ಣೆದುರಿಗಿರುವಾಗ, ಮೂವತ್ತು ವರ್ಷ ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನ್ನಂತಹವನಿಗೆ ಅಲ್ಲಿಂದ ಕಾಲು ಕೀಳುವುದು ಸುಲಭವಲ್ಲ. ನನಗೆ ಸ್ವಂತ ವಾಹನವೆಂದರೆ ಪಾದುಕೆಗಳು ಮಾತ್ರ. ಆದರೂ ಕಾರಿನ ಮೆರುಗನ್ನು ನಿರ್ಣಯಿಸುವ ಹೊಣೆ ಆ ದಿನ ನನ್ನ ಹೆಗಲೇರಿತ್ತು ಎಂದರೆ ಓದುಗ ಮಿತ್ರರು ನಂಬಬೇಕು.

ಕಾರು ಬಿಟ್ಟಂಗಾಲದ ಕಾಫಿ ಬೆಳೆಗಾರ ಪೂವಯ್ಯನವರದು. ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳು ಕುಳಿತು ಆಳುವ ಈ ಪುಟ್ಟ ರಾಜ್ಯದಲ್ಲಿ ಕಾರುಗಳನ್ನು ನಂಬರಿನಿಂದ ಗುರುತಿಸುವವರು ಪೊಲೀಸರು ಮಾತ್ರ, ಉಳಿದವರಿಗೆಲ್ಲ ಅದು ಇಂಥವರ ಕರಿಯ ಕಾರು, ಇಂಥವರ ಹಸಿರು ಕಾರು. ಪೂವಯ್ಯನವರ ಕರಿಯ ಕಾರು ವಾರಕ್ಕೆರಡು ಸಂಜೆ ನನ್ನನ್ನು ಕರೆದೊಯ್ಯಲು ಬರುತ್ತಿತ್ತು. ಆರೇಳು ವರ್ಷಗಳಿಂದ ಅವರ ಕಣ್ಣುಗಳಿಗೆ ಪೊರೆ ಕವಿದು, ಕೊನೆಕೊನೆಗೆ ಬೆಳಕು ನೆರಳಿನ ಭೇದವಷ್ಟೇ ಉಳಿದಿತ್ತು. ನಾನು ಪುರಾಣ ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಒಮ್ಮೊಮ್ಮೆ ನಿದ್ರಿಸುತ್ತಲೂ ಇದ್ದರು. ನನ್ನ ಕಂಠಕ್ಕೆ ಅಂತಹ ಗುಣವಿದೆಯೆಂದು ನನ್ನ ಹಳೆಯ ವಿದ್ಯಾರ್ಥಿಗಳೂ ಬಲ್ಲರು.

ಆ ಕಾರನ್ನು ನಡೆಸುವವನು ಮೊಯ್ದು. ನಮಾಜು ಮುಗಿಸಿ ಬಂದವನೇ ಅವನು ಪ್ರತಿದಿನ ಬೆಳಿಗ್ಗೆ ಒಂದು ಗಂಟೆ ಕಾರನ್ನು ಉಜ್ಜುತ್ತಿದ್ದ. ಉಜ್ಜಿ ಮುಗಿದ ಮೇಲೆ ಪೂವಯ್ಯನವರು ಕೋಲೂರಿಕೊಂಡು ಬಂದು ಬಾನೆಟ್ಟಿನ ಮೇಲೆ ಅಂಗೈ ಆಡಿಸಿ, ಹೇಗಿದೆ ಎಂದು ಕೇಳುವರು. ಕನ್ನಡಿ ಹಾಗೆ ಉಂಟು ಮೊದಲಾಳಿ ಎಂದು ಮೊಯ್ದು ಹೇಳುವನು. ಧಣಿಯನ್ನು ಅವನು ಕರೆಯುತ್ತಿದ್ದುದೇ ಹಾಗೆ. ಸಂಧ್ಯಾವಂದನೆಯಷ್ಟೇ ನಿಯಮಬದ್ಧವಾದ ಸಂವಾದವಿದು.

ಕಳೆದ ಸಲ ಕಾಫಿಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಪೂವಯ್ಯನವರು ಅಳಿಯನೊಡನೆ ಶಸ್ತ್ರಚಿಕಿತ್ಸೆಗೆಂದು ಮದರಾಸಿಗೆ ಹೊರಟರು. ಹೊರಡುವಾಗ ನಗುತ್ತಲೇ, ಕಣ್ಣು ಬಂದ ಮೇಲೆ ಊರಲ್ಲಿ ಮೊದಲು ನೋಡುವುದು ಕಾರನ್ನು, ಮೊಯ್ದುವಿನ ಕನ್ನಡಿ ಎಷ್ಟು ನಿಜವೆಂದು ಆಗ ತಿಳಿಯುತ್ತದೆ ಎಂದರು. ಎಲ್ಲರೂ ನಕ್ಕೆವು. ಮೊಯ್ದು ಮಾತ್ರ ನಗಲಿಲ್ಲ.

ಮಾರನೆಯ ದಿನವೇ ಅವನು ಕಾರಿನೊಡನೆ ನನ್ನ ಮನೆಗೆ ಬಂದ. ಆಗ ಮೊದಲ ಬಾರಿಗೆ ನಾನು ಆ ಕಾರನ್ನು ನೋಡಿದೆ. ಅದುವರೆಗೆ ಅದರಲ್ಲಿ ಕುಳಿತಿದ್ದೆನೇ ಹೊರತು ನೋಡಿರಲಿಲ್ಲ. ಮೈಯೆಲ್ಲ ಹಲಗೆಬಳಪದ ಧೂಳು ಕುಳಿತ ಕರಿಹಲಗೆಯಂತೆ ಮಂಕಾಗಿತ್ತು, ಬಾನೆಟ್ಟಿನ ಏಣುಗಳಲ್ಲಿ ಕಪ್ಪು ಸವೆದು ಅಡಿಯ ಬೂದುಬಣ್ಣ ಇಣುಕುತ್ತಿತ್ತು. ಮುಟ್ಟಿದರೆ ಮಾತ್ರ ರೇಷ್ಮೆಯ ನುಣುಪು. ಎಸ್ಟೇಟಿನ ಕೆಮ್ಮಣ್ಣಿನ ಧೂಳನ್ನು ದಿನವೂ ಬಟ್ಟೆಯಿಂದ ತಿಕ್ಕಿ ತಿಕ್ಕಿ ಅವನು ನುಣುಪನ್ನು ಉಳಿಸಿ ಹೊಳಪನ್ನು ಕಳೆದಿದ್ದ. ಕಣ್ಣಿಲ್ಲದವರ ಮನಸ್ಸು ನೋಯಿಸಬಾರದೆಂದು ಆಡಿದ ಮಾತು ಈಗ ಸುಳ್ಳುಗಾರನೆಂಬ ಹೆಸರು ತರುವುದಲ್ಲ ಎಂಬುದೇ ಅವನ ಸಂಕಟ. ಧಣಿಗಳು ಹಿಂದಿರುಗಲು ಎರಡು ತಿಂಗಳುಂಟು, ಅಷ್ಟರೊಳಗೆ ಏನಾದರೊಂದು ಮಾಡಬೇಕು, ಸಾಮಿಗಳು ಓದಿದವರು, ದಾರಿ ತೋರಿಸಬೇಕು ಎಂದ.

ಓದಿದವನು ಒಡನೆ ದಾರಿ ತೋರಿಸಿದ. ದೇವಸ್ಥಾನದ ಹಿತ್ತಾಳೆಯ ದೀಪಸ್ತಂಭಗಳನ್ನು ಚಿಕ್ಕಂದಿನಿಂದ ಬೆಳಗಿದ ಕೈ ನನ್ನದು. ಹುಣಸೆಹಣ್ಣಿಗೂ ಬೂದಿಗೂ ಮಣಿಯದ ಮಂಕು ಈ ಲೋಕದಲ್ಲಿಲ್ಲವೆಂಬ ದೃಢನಂಬಿಕೆಯಿಂದ, ಪೂವಯ್ಯನವರ ಅಂಗಳಕ್ಕೇ ಹೋಗಿ, ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗೈಯಗಲ ಪ್ರಯೋಗಿಸಿದೆ. ಶುಭ್ರವಾಗಿ ಬೂದುಬಣ್ಣ ಪ್ರತ್ಯಕ್ಷವಾಯಿತು. ಪೂವಯ್ಯನವರ ಪತ್ನಿ ಬೊಳ್ಳಮ್ಮನವರು ಕಾಫಿ ಒಣಗಿಸುವ ಕಣದಿಂದ ಬಂದವರು ಅದನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದರು.

"ಎಂತ ಶಾಸ್ತ್ರಿಗಳೇ, ದೇವರ ಚೊಂಬು ಅಂತ ಗ್ರಹಿಸಿದ್ರಾ ನೀವು ಇದನ್ನ?"

ಅವಮಾನವು ಜಿಜ್ಞಾಸೆಗೆ ತಾಯಿಯೆಂದು ನಾನು ಸಮಾಧಾನ ಮಾಡಿಕೊಂಡೆ. ಅಂಗಡಿಯ ಕಪಾಟಿನ ಮುಂದೆ ನಾನು ಸ್ತಂಭೀಭೂತನಾಗಿ ನಿಂತದ್ದು ಇದರ ಮರುದಿನ. ಕಂದು ಲೇಹ್ಯವು ಮೇಲಿನ ಮಂಕು ಪದರವನ್ನು ಕಿತ್ತು ಒಳಗಿನ ಹೊಸ ಬಣ್ಣವನ್ನು ಹೊರತೆಗೆಯುತ್ತದೆಯಂತೆ. ಮೇಣವು ಏನನ್ನೂ ಕೀಳದೆ ಮೇಲೊಂದು ತೆಳುವಾದ ಹೊದಿಕೆ ಹೊದಿಸುತ್ತದೆಯಂತೆ. ಅಂಗಡಿಯವನು ಮೊದಲನೆಯದನ್ನೇ ಹೊಗಳಿದ. ಕರ್ಪೂರದೊಡನೆ ಸಂದೇಹವನ್ನೂ ಕಟ್ಟಿಸಿಕೊಂಡು ನಾನು ಹಿಂದಿರುಗಿದೆ.

ಉತ್ತರ ದೊರೆತದ್ದು ಗರ್ಭಗುಡಿಯ ಬಾಗಿಲಲ್ಲಿ. ನಮ್ಮ ದೇವಸ್ಥಾನದ ಉತ್ಸವಮೂರ್ತಿ ಪಂಚಲೋಹದ್ದು; ತಲೆತಲಾಂತರದ ಭಕ್ತಿ ಅದನ್ನು ಬೆಳಗಿ ಬೆಳಗಿ, ಈಗ ಸ್ವಾಮಿಯ ನಾಸಿಕವೆಲ್ಲಿ, ಅಧರವೆಲ್ಲಿ ಎಂದು ಊಹಿಸಬೇಕಾಗಿದೆ. ಅದರ ಹಿಂದೆಯೇ ಕಪ್ಪುಶಿಲೆಯ ಮೂಲಮೂರ್ತಿ: ಅದನ್ನು ಯಾರೂ ತಿಕ್ಕಿದ್ದಿಲ್ಲ. ತೈಲಾಭಿಷೇಕದ ಎಣ್ಣೆಯನ್ನಷ್ಟೇ ಕುಡಿದು, ಹುಬ್ಬಿನ ಗೆರೆಯೂ ಅಳಿಯದೆ, ಅದು ಕಾರ್ಮುಗಿಲಿನಂತೆ ಮಿನುಗುತ್ತಿತ್ತು. ಇಬ್ಬರಿಗೂ ಪ್ರತಿನಿತ್ಯ ಕೈಮುಗಿಯುತ್ತ ಬಂದ ನಾನು, ಒಂದರದು ಕಳೆದುಕೊಂಡು ಬಂದ ಹೊಳಪು, ಇನ್ನೊಂದರದು ಪಡೆದುಕೊಂಡು ಬಂದ ಹೊಳಪು ಎಂಬುದನ್ನು ಅರವತ್ತೆರಡು ವರ್ಷ ಗಮನಿಸಿರಲಿಲ್ಲ. ಕಳೆದುಕೊಳ್ಳಲು ಆ ಬಡ ಕಾರಿನಲ್ಲಿ ಇನ್ನೇನು ಉಳಿದಿತ್ತು?

ನಿರ್ಣಯವನ್ನು ಬೊಳ್ಳಮ್ಮನವರಿಗೆ ತಿಳಿಸಿದಾಗ ಅವರು, ಅದಕ್ಕೆ ಪೇಟೆಯ ಡಬ್ಬಿ ಯಾಕೆ ಎಂದು ಒಳಗಿನಿಂದ ಒಂದು ಭರಣಿ ತಂದರು. ಹೆಜ್ಜೇನಿನ ಮೇಣವನ್ನು ಕರಗಿಸಿ ಟರ್ಪೆಂಟೈನು ಬೆರೆಸಿದ್ದು. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗಳನ್ನು ಪೂಜೆಗಿಡುವ ಮೊದಲು ಅವುಗಳ ಮರದ ಹಿಡಿಗೆ ಆ ಮನೆಯಲ್ಲಿ ಹಚ್ಚುತ್ತಿದ್ದುದು ಅದನ್ನೇ. ಮೊಯ್ದು ಮೊದಲು ಕಾರನ್ನು ನೀರಿನಿಂದ ತೊಳೆದ, ತಿಕ್ಕಲಿಲ್ಲ. ಅವನ ಕೈಯನ್ನು ತಿಕ್ಕದಂತೆ ತಡೆಯುವುದೇ ನನಗೆ ದೊಡ್ಡ ಕೆಲಸವಾಯಿತು. ಹಳೆಯ ಪಂಚೆಯ ತುಂಡಿನಿಂದ ತೆಳುವಾಗಿ ಮೇಣ ಸವರುವುದು, ಒಣಗಲು ಬಿಡುವುದು, ಹಗುರವಾಗಿ ಒರಸುವುದು. ಹತ್ತು ದಿನಗಳಲ್ಲಿ ಕಾರಿಗೆ ಮಳೆಯಲ್ಲಿ ನೆಂದ ಬಂಡೆಯ ಕಳೆ ಬಂತು. ಸವೆದ ಏಣುಗಳೂ ನನ್ನ ಹುಣಸೆಹಣ್ಣಿನ ಗುರುತೂ ಮಾತ್ರ ಬೂದುಬಣ್ಣದಲ್ಲೇ ಉಳಿದವು. ಅಲ್ಲಿಗೆ ಕಾಡಿಗೆ ಹಚ್ಚಿಬಿಡುವ ಎಂದು ಮೊಯ್ದು ಕೇಳಿದ. ಇನ್ನೊಂದು ಸುಳ್ಳು ಬೇಡವೆಂದೆ. ಅವನು ವಾದಿಸಲಿಲ್ಲ, ಆದರೆ ಆ ವಾರ ಸರಿಯಾಗಿ ಉಣ್ಣಲಿಲ್ಲವೆಂದು ಬೊಳ್ಳಮ್ಮನವರು ಹೇಳಿದರು.

ಪೂವಯ್ಯನವರು ಬಂದದ್ದು ಒಂದು ಬೆಳಿಗ್ಗೆ, ಅಳಿಯನ ಜೀಪಿನಲ್ಲಿ. ದಪ್ಪ ಗಾಜಿನ ಕನ್ನಡಕದ ಹಿಂದೆ ಅವರ ಕಣ್ಣುಗಳು ಎರಡರಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಅಂಗಳದ ನಡುವೆ ಕಾರು, ಅದರ ಪಕ್ಕದಲ್ಲಿ ಕೈಕಟ್ಟಿ ನಿಂತ ಮೊಯ್ದು, ಜಗಲಿಯ ಮೇಲೆ ಪುಸ್ತಕ ಹಿಡಿದ ನಾನು. ಅವರು ನಿಧಾನವಾಗಿ ನಡೆದು ಬಂದರು, ಕಾರನ್ನು ದಾಟಿದರು, ಮೊಯ್ದುವಿನ ಎದುರಿಗೆ ನಿಂತು ಅವನ ಮುಖವನ್ನೇ ನೋಡಿದರು.

"ನಿನ್ನ ಗಡ್ಡ ಯಾವಾಗ ಇಷ್ಟು ಬೆಳ್ಳಗಾಯ್ತು ಮಾರಾಯ? ನಂಗೆ ಯಾರೂ ಹೇಳ್ಲೇ ಇಲ್ಲ."

ಎರಡು ತಿಂಗಳಿಂದ ಬೇರೊಂದು ಪ್ರಶ್ನೆಗೆ ಸಿದ್ಧನಾಗಿದ್ದ ಮೊಯ್ದು ಈ ಪ್ರಶ್ನೆಗೆ ತತ್ತರಿಸಿದ. ಬಗ್ಗಿ ಬಾನೆಟ್ಟಿನ ಏಣಿನ ಮೇಲೆ ಬೆರಳಿಟ್ಟ.

"ಇದನ್ನೂ ಹೇಳ್ಲಿಲ್ಲ ಮೊದಲಾಳಿ. ಬಣ್ಣ ಹೋಗಿ ತುಂಬ ಕಾಲ ಆಯ್ತು. ಕನ್ನಡಿ ಅಂತ ನಾನು ಸುಳ್ಳು ಹೇಳಿದ್ದು."

ಪೂವಯ್ಯನವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. ಆ ಬೂದು ಗೆರೆಯನ್ನು ಬಾನೆಟ್ಟಿನ ಈ ತುದಿಯಿಂದ ಆ ತುದಿಯವರೆಗೆ, ಅಕ್ಷರ ಕಲಿಯುವವರು ಸಾಲನ್ನು ಓದುವಂತೆ, ನೋಡುತ್ತ ಹೋದರು. ಓದಿ ಹೇಳುವವನು ಇನ್ನು ಇವರಿಗೇಕೆ ಎಂದು ನನ್ನ ಕೈಯೊಳಗಿನ ಪುರಾಣದ ಪುಸ್ತಕ ಭಾರವೆನಿಸಿತು.

"ಬಿಸಿಲಿಗೆ ಹೋದ ಬಣ್ಣ ಅಲ್ಲ ಇದು," ಎಂದರು ಅವರು ಕೊನೆಗೆ. "ನಿನ್ನ ಕೈ ಉಜ್ಜಿ ಉಜ್ಜಿ ಹೋದದ್ದು. ಇರಲಿ, ಹೀಗೇ ಇರಲಿ."

ಹೊಸ ಬಣ್ಣ ಹೊಡೆಸುವ ಮಾತನ್ನು ಅಳಿಯ ಎತ್ತಿದಾಗಲೂ ಅವರು ಒಪ್ಪಲಿಲ್ಲ. ಈಗ ತಿಂಗಳಿಗೊಮ್ಮೆ ಮೇಣ ಸವರುತ್ತಾರೆ. ಸವರುವವರು ಇಬ್ಬರು, ಒಂದು ಮಗ್ಗುಲಿಗೆ ಮೊಯ್ದು, ಇನ್ನೊಂದು ಮಗ್ಗುಲಿಗೆ ಪೂವಯ್ಯನವರು. ಧಣಿಯ ಮಗ್ಗುಲು ಸ್ವಲ್ಪ ಮಂಕು ಎಂದು ಮೊಯ್ದು ಅವರ ಮುಖಕ್ಕೇ ಹೇಳುತ್ತಾನೆ.