ಅಜ್ಜಿಯ ಕಣ್ಣು ತೆರೆಸಿದ್ದು

ದ್ವಿತೀಯ ಪಿಯುಸಿ ಓದುತ್ತಿದ್ದಾಗ ನಾನು ಕಡಬ ಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಕಾಲೇಜು ಬಿಟ್ಟ ಮೇಲೆ, ಸಂಜೆಯ ಬಸ್ಸು ಬರುವವರೆಗೆ ಅಷ್ಟೇ. ಅಪ್ಪನಿಗೆ ಹಿಡಿಸಲಿಲ್ಲ. "ಓದುವ ಪ್ರಾಯದಲ್ಲಿ ಕೆಲಸ ಎಂತಕ್ಕೆ? ಇಲ್ಲಿ ಉಣ್ಣಲಿಕ್ಕೆ ಇಲ್ಲವಾ?" ಎಂದರು.

"ಮನೆ, ಕಾಲೇಜು ಬಿಟ್ಟರೆ ಅವಳಿಗೆ ಎಂತ ಗೊತ್ತುಂಟು? ನಾಲ್ಕು ಜನರನ್ನು ನೋಡಲಿ" ಎಂದು ಅಮ್ಮ ನನ್ನ ಪರ ನಿಂತರು.

ನೋಡಿದ್ದು ಹೆಚ್ಚಾಗಿ ಸತ್ತವರನ್ನು. ಉತ್ತರಕ್ರಿಯೆಗೆ ಇಡುವ ದೊಡ್ಡ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡುವುದು ನನ್ನ ಪಾಲಿಗೆ ಬಂದಿತ್ತು. ಯಾವುದೋ ಮದುವೆಯ ಗುಂಪಿನಿಂದ ಒಬ್ಬರನ್ನು ಬಿಡಿಸಬೇಕು, ಹೆಗಲ ಮೇಲೆ ಉಳಿದ ಇನ್ನೊಬ್ಬರ ಕೈಯನ್ನು ಅಳಿಸಬೇಕು, ಹಿಂದೆ ನೀಲಿ ಬಣ್ಣ ತುಂಬಬೇಕು. ಅದರಲ್ಲಿ ಹೆದರುವಂಥದ್ದು ನನಗೇನೂ ಕಂಡಿರಲಿಲ್ಲ.

ಒಂದು ದಿನ ಕೋಡಿಂಬಾಳದ ಕಡೆಯ ಹೆಂಗಸೊಬ್ಬರು ಬಂದು, ತೀರಿಹೋದ ತಾಯಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದರು. ಮನೆಯಲ್ಲಿದ್ದದ್ದು ಅದೊಂದೇ. ತೆಗೆಯುವ ಹೊತ್ತಿಗೆ ಸರಿಯಾಗಿ ಅಜ್ಜಿ ಕಣ್ಣು ಮುಚ್ಚಿದ್ದರು.

"ಇದನ್ನು ತೆರೆಸಲಿಕ್ಕೆ ಆಗ್ತದಾ?"

ಸ್ಟುಡಿಯೋ ನಡೆಸುತ್ತಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದವರು ಆ ಹೆಂಗಸಿನ ಮುಖವನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದರು. "ನಿಮ್ಮದು ತಾಯಿಯದೇ ಮುಖ. ನಿಮ್ಮ ಕಣ್ಣನ್ನೇ ಕೂರಿಸುವ."

ನಾನು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದೆ. ಅದರಿಂದ ಕಣ್ಣುಗಳನ್ನು ಕತ್ತರಿಸಿ ಅಜ್ಜಿಯ ಮುಖಕ್ಕಿಟ್ಟು, ಸುತ್ತ ಸುಕ್ಕು ಎಳೆದು, ಅಂಚುಗಳನ್ನು ಮಸುಕು ಮಾಡಿದೆ. ಅವು ಹೊಂದಿಕೊಂಡ ಕ್ಷಣ ನನ್ನ ಕೈ ಮೌಸಿನಿಂದ ತಾನಾಗಿ ಹಿಂದೆ ಬಂತು. ಅಷ್ಟು ಹೊತ್ತು ನಾನು ನೋಡುತ್ತಿದ್ದ ಮುಖ ಈಗ ನನ್ನನ್ನು ನೋಡುತ್ತಿತ್ತು.

ಹೆಂಗಸು ಕಂಪ್ಯೂಟರಿನ ಹತ್ತಿರ ಬಗ್ಗಿ ನೋಡಿದರು. "ಅಮ್ಮನಿಗೆ ಕೊನೆಕೊನೆಗೆ ಮರೆವು. ನನ್ನನ್ನೇ 'ನೀವು ಯಾರು' ಅಂತ ಕೇಳುದು. ಈಗ ಗುರ್ತ ಸಿಕ್ಕಿದ ಹಾಗೆ ಉಂಟು" ಎಂದರು.

ಉತ್ತರಕ್ರಿಯೆ ಮುಗಿದ ಕೆಲವು ದಿನಕ್ಕೆ, ಫ್ರೇಮನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿಕೊಂಡು ಅವರು ಮತ್ತೆ ಬಂದರು. ಮೇಜಿನ ಮೇಲೆ ಕವುಚಿ ಇಟ್ಟರು.

"ಕಣ್ಣು ಮುಚ್ಚಿದ್ದನ್ನೇ ಮಾಡಿಕೊಡು ತಂಗಿ. ನನ್ನ ಸಣ್ಣ ಮಗಳು ಬಾಗಿಲಲ್ಲೇ ನಿಂತು, 'ಅಮ್ಮ, ನೀನು ಗೋಡೆಯಲ್ಲಿ ಎಂತ ಮಾಡುದು' ಅಂತ ಕೇಳ್ತಾಳೆ. ಮೊನ್ನೆ ನಾನು ಅಡಿಗೆ ಕೋಣೆಯಿಂದ ಕರೆದೆ. ನನ್ನ ಕಡೆ ತಿರುಗಲೇ ಇಲ್ಲ. ಗೋಡೆ ನೋಡಿ 'ಬಂದೆ' ಅಂದಳು."

ಅಕ್ಕ ನಗಲಿಲ್ಲ. ನಾನು ಮೊದಲಿನ ಫೋಟೋವನ್ನೇ ಪ್ರಿಂಟ್ ಹಾಕಿ ಕೊಟ್ಟೆ. "ನನ್ನದು ತೆಗೆದದ್ದನ್ನೂ ಅಳಿಸು" ಎಂದ ಅವರು, ಅದು ಅಳಿಯುವವರೆಗೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

ಮನೆಯಲ್ಲಿ ಹೇಳಿದಾಗ ಅಪ್ಪ, "ನಾಳೆಯಿಂದ ಹೋಗುದು ಬೇಡ. ನಿನ್ನ ಪ್ರಾಯಕ್ಕೆ ಇದೆಲ್ಲ ಎಂತಕ್ಕೆ?" ಎಂದರು. ಅಮ್ಮ ಈ ಸಲ ವಾದ ಮಾಡಲಿಲ್ಲ. "ಆ ಮಗು ಈಗ ಹೇಗುಂಟಂತೆ?" ಎಂದು ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ.

ಆದರೂ ಪರೀಕ್ಷೆ ಹತ್ತಿರ ಬರುವವರೆಗೆ ಹೋದೆ. ಹೆದರಿ ಬಿಟ್ಟೆ ಎಂದಾಗುವುದು ನನಗೆ ಬೇಡವಾಗಿತ್ತು. ಕಣ್ಣು ಮುಚ್ಚಿದ ಫೋಟೋ ತಂದವರಿಗೆ ಮಾತ್ರ, "ಹೀಗೇ ಇರಲಿ, ಮಲಗಿದ ಹಾಗೆ ಕಾಣ್ತದೆ" ಎನ್ನುತ್ತಿದ್ದೆ. ಕೆಲವರು ಒಪ್ಪುತ್ತಿದ್ದರು. ಒಪ್ಪದವರ ಕೆಲಸವನ್ನು ಅಕ್ಕ ನನ್ನ ಕೈಯಿಂದ ತೆಗೆದುಕೊಂಡು, ನಾನು ಬಸ್ಸಿಗೆ ಹೊರಟ ಮೇಲೆ ತಾವೇ ಮಾಡುತ್ತಿದ್ದರು.