ಪೈಕ್ ಮೀನು ಮತ್ತು ಕಡ್ಲೆಪುರಿ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಲಾಕ್‌ಡೌನ್ ಮುಗಿಯಲಿ ಅಂದೆ, ರಂಜಾನ್ ಮುಗಿಯಲಿ ಅಂದೆ, ಆಮೇಲೆ ಮಂಡಿ ಆಪರೇಷನ್ ಆಗಲಿ ಅಂದೆ. ಈಗ ನೆಪಗಳು ಮುಗಿದಿವೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಇಪ್ಪತ್ತು ವರ್ಷ ಇಲ್ಲಿಯ ಅಡುಗೆಮನೆಗಳಲ್ಲಿ ಪಾತ್ರೆ ತೊಳೆದು, ಈರುಳ್ಳಿ ಹೆಚ್ಚಿ ನಿವೃತ್ತನಾದವನು. ತಿಳಿದಂತೆ ಬರೆಯುತ್ತೇನೆ.

ಕೊರೋನಾ ಬಂದ ಮೊದಲ ವಸಂತ. ಐರ್ಲೆಂಡಿನ ಈ ನೇಸ್ ಊರಿನಲ್ಲಿ ನಮ್ಮ ಮನೆಯ ಹಿಂದೆ ಕಾಲುವೆ ಇದೆ. ಎಪ್ಪತ್ತು ದಾಟಿದವರು ಮನೆಯಿಂದ ಹೊರಗೆ ಬರಲೇಬಾರದು, ಉಳಿದವರು ಎರಡು ಕಿಲೋಮೀಟರ್ ದಾಟಬಾರದು ಎಂದಿತ್ತು. ನನಗೆ ಅರವತ್ತೆಂಟು. ದಿನಾ ಬೆಳಿಗ್ಗೆ ಗಾಳ ಹಿಡಿದು ಕಾಲುವೆಗೆ ಹೋಗುತ್ತಿದ್ದೆ. ಆ ವರ್ಷ ದೋಣಿಗಳು ಓಡಾಡದೆ ನೀರು ತಿಳಿಯಾಗಿತ್ತು. ಕಲ್ಲಿನ ಸೇತುವೆಯ ನೆರಳಿನಲ್ಲಿ ಒಂದು ಪೈಕ್ ಮೀನು ನಿಂತಿರುತ್ತಿತ್ತು. ತೋಳುದ್ದ, ಹಸಿರು ಮೈ, ಬಾತುಕೋಳಿಯ ಕೊಕ್ಕಿನಂಥ ಬಾಯಿ. ತಗಡಿನ ಹುಸಿಮೀನನ್ನು ಅದರ ಮುಂದೆ ಎಳೆದರೆ ದಡದವರೆಗೂ ಹಿಂದೆಯೇ ಬರುತ್ತಿತ್ತು. ಒಂದು ಗೇಣು ದೂರದಲ್ಲಿ ನಿಂತು ನನ್ನನ್ನೇ ನೋಡಿ, ನಿಧಾನಕ್ಕೆ ತಿರುಗಿ ಹೋಗುತ್ತಿತ್ತು. ಹತ್ತು ದಿನ ಹೀಗೇ ಆಯಿತು. ಯಾರೋ ಇದಕ್ಕೆ ಹೇಳಿಕೊಟ್ಟಿದ್ದಾರೆ ಅನ್ನಿಸತೊಡಗಿತು.

ಆ ‘ಯಾರೋ’ ಸಿಕ್ಕಿದ್ದೂ ಅಲ್ಲೇ. ನಮ್ಮ ಮನೆಯಿಂದ ಮೂರನೇ ಬಾಗಿಲಿನವರು, ಮೈಸೂರು ಕಡೆಯ ಮೇಷ್ಟ್ರು. ಹೆಂಡತಿಯ ಜೊತೆ ಮಗಳನ್ನು ನೋಡಲು ಬಂದಿದ್ದರು, ವಿಮಾನ ನಿಂತು ಸಿಕ್ಕಿಕೊಂಡಿದ್ದರು. ಅಷ್ಟರಲ್ಲಿ ಹೆಂಡತಿಗೆ ಹೃದಯದ ತೊಂದರೆಯಾಗಿ ಆಸ್ಪತ್ರೆ ಸೇರಿದ್ದರು. ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಮೇಷ್ಟ್ರಿಗೆ ಎಪ್ಪತ್ತನಾಲ್ಕು. ಆದರೂ ಮಗಳು ಲ್ಯಾಪ್‌ಟಾಪ್ ಮುಂದೆ ಕೂತ ಹೊತ್ತು ನೋಡಿ ಹಿತ್ತಲ ಬಾಗಿಲಿನಿಂದ ತಪ್ಪಿಸಿಕೊಂಡು ಬರುತ್ತಿದ್ದರು. ಜೇಬಿನ ತುಂಬಾ ಕಡ್ಲೆಪುರಿ. ಸೇತುವೆ ಮೇಲೆ ನಿಂತು ಒಂದೊಂದು ಹಿಡಿ ನೀರಿಗೆ ಚೆಲ್ಲುತ್ತಿದ್ದರು.

“ಏನ್ ಮೇಷ್ಟ್ರೆ ಇದು?”

“ಹರಕೆ ಸಾಹೇಬ್ರೆ. ನಮ್ಮೂರಲ್ಲಿ ಹೊಳೆ ದಂಡೇಲಿ ದೇವರ ಮೀನಿಗೆ ಪುರಿ ಹಾಕ್ತಾರಲ್ಲ, ಹಂಗೆ. ನಮ್ಮನೇವ್ಳು ಮನೆಗೆ ಬರೋ ತನಕ ಹಾಕ್ತೀನಿ ಅಂದ್ಕೊಂಡಿದೀನಿ.”

“ನಂದೂ ಒಂದ್ ಹರಕೆ ಐತೆ. ಆ ಪೈಕ್ ಒಂದ್ ಸಲ ಬಾಯಿ ತೆಗೀಲಿ ಅಂತ.”

ಮೇಷ್ಟ್ರು ನಕ್ಕರು. “ನೀವು ಸ್ವಾಬ್ ಟೆಸ್ಟ್ ಮಾಡೋಕ್ ಬಂದಿದೀರ ಅಂದ್ಕೊಂಡಿದೆ ಅದು, ಬಾಯಿ ಹೆಂಗ್ ತೆಗೆಯತ್ತೆ?”

ನಾನೂ ನಕ್ಕೆ. ಆದರೆ ನೋಡುತ್ತಾ ಹೋದೆ. ಪುರಿಗೆ ಸಣ್ಣ ಮೀನುಗಳು ಮುತ್ತುತ್ತಿದ್ದವು. ಪೈಕ್ ಕೆಳಗಿನಿಂದ ಬಂದು ಆ ಸಣ್ಣ ಮೀನುಗಳನ್ನು ನುಂಗುತ್ತಿತ್ತು. ಹೊಟ್ಟೆ ತುಂಬಿದ್ದಕ್ಕೆ ನನ್ನ ತಗಡು ಯಾಕೆ ಬೇಕು? ಇದು ಹರಕೆಯಲ್ಲ ಎಂದುಕೊಂಡೆ. ಸಸ್ಯಾಹಾರಿ ಮನುಷ್ಯ, ನಾನು ಮೀನು ಕೊಲ್ಲಬಾರದೆಂದು ಉಪಾಯ ಮಾಡಿದ್ದಾನೆ. ಹೆಂಡತಿ ಆಸ್ಪತ್ರೆಯಲ್ಲಿರುವವನು ಹೀಗೆ ತಮಾಷೆ ಮಾಡುತ್ತಾನೆಯೇ? ಆ ದಿನಗಳಲ್ಲಿ ಎಲ್ಲರ ಮೇಲೂ ಅನುಮಾನ ಪಡುವುದು ನಮಗೆ ಅಭ್ಯಾಸವಾಗಿತ್ತು, ಆದರೆ ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ಹಿಡಿದಿದ್ದರೂ ಆ ಮೀನನ್ನು ನಾನು ವಾಪಸ್ ನೀರಿಗೇ ಬಿಡುತ್ತಿದ್ದೆ, ಇಲ್ಲಿಯ ಪದ್ಧತಿಯೇ ಅದು. ಆ ಮಾತನ್ನು ಮೇಷ್ಟ್ರಿಗೆ ಒಮ್ಮೆಯೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವರ ಮಗಳು ಕಸದ ಡಬ್ಬ ಹೊರಗಿಡುತ್ತಿದ್ದಾಗ ಬೇಲಿಯ ಹತ್ತಿರ ಹೋದೆ.

“ಅಪ್ಪ ದಿನಾ ಕಾಲುವೆ ಹತ್ರ ಬರ್ತಾರಮ್ಮ, ಗೊತ್ತಾ?”

“ಅಪ್ಪನಾ? ರೂಮಲ್ಲಿ ಗ್ರ್ಯಾಂಡ್ ಆಗಿದಾರಲ್ಲ ಅಂಕಲ್!” ಚೆನ್ನಾಗಿದ್ದಾರೆ ಅನ್ನುವುದಕ್ಕೆ ಇಲ್ಲಿಯವರು ಗ್ರ್ಯಾಂಡ್ ಅನ್ನುತ್ತಾರೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. “ಕೆಮ್ತಾ ಇದ್ರು ಕಣಮ್ಮ, ಸ್ವಲ್ಪ ಜೋರಾಗೇ” ಎಂದೆ. ಮೇಷ್ಟ್ರು ಕೆಮ್ಮಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ಅವತ್ತೇ ಅವರನ್ನು ಮಾಳಿಗೆಯ ಸಣ್ಣ ಕೋಣೆಯಲ್ಲಿ ಕೂರಿಸಿದಳು. ಹದಿನಾಲ್ಕು ದಿನ, ತಟ್ಟೆ ಬಾಗಿಲ ಹೊರಗೆ. ಆರನೆಯ ದಿನ ಆಸ್ಪತ್ರೆಯಿಂದ ಫೋನ್ ಬಂತಂತೆ. ಸ್ಥಿತಿ ಚೆನ್ನಾಗಿಲ್ಲ, ಗಂಡ ಒಬ್ಬರು ಬಂದು ಹತ್ತು ನಿಮಿಷ ನೋಡಬಹುದು, ಅವರಿಗೆ ಜ್ವರ ಕೆಮ್ಮು ಏನಾದರೂ ಇದೆಯಾ ಎಂದು ಕೇಳಿದರಂತೆ. ಆಕೆ ಸುಳ್ಳು ಹೇಳುವವಳಲ್ಲ. ಕೆಮ್ಮು ಇತ್ತು ಎಂದಳು. ಹಾಗಾದರೆ ಬರುವಂತಿಲ್ಲ ಎಂದರು. ಮರುದಿನ ಆ ತಾಯಿ ತೀರಿಕೊಂಡರು.

ಸೇತುವೆಯ ಕೆಳಗೆ ಪೈಕ್ ಅಲ್ಲೇ ನಿಂತಿತ್ತು. ಪುರಿ ನಿಂತು ವಾರವಾಗಿದ್ದರೂ ನನ್ನ ತಗಡಿಗೆ ಬಾಯಿ ಹಾಕಲಿಲ್ಲ. ಗಾಳ ಮಡಚಿಟ್ಟೆ, ಮತ್ತೆ ಬಿಚ್ಚಿಲ್ಲ.

ಮೇಷ್ಟ್ರು ವಿಮಾನ ಶುರುವಾದ ಮೇಲೆ ಊರಿಗೆ ಹೋದರು. ಒಂದು ವರ್ಷದ ನಂತರ ಫೋನ್ ಮಾಡಿ ಎಲ್ಲ ಒಪ್ಪಿಕೊಂಡು ಕ್ಷಮಿಸಿ ಎಂದೆ. ಮೇಷ್ಟ್ರು ಹೇಳಿದ್ದು ಇಷ್ಟೇ:

“ಕೆಮ್ಮಿಲ್ಲ ಕಣಮ್ಮ ಅಂತ ಬಾಗಿಲ ಹಿಂದಿನಿಂದ ಎಷ್ಟ್ ಕೂಗಿದೆ ಸಾಹೇಬ್ರೆ. ನಂಬ್ಲಿಲ್ಲ ಅವಳು. ನೀವೇ ಅವಳಿಗೆ ಹೇಳ್ಬಿಡಿ. ನಾನು ಹೇಳಿದ್ರೆ ಈಗ್ಲೂ ನಂಬಲ್ಲ.”

ಇನ್ನೂ ಹೇಳಿಲ್ಲ. ಯುಗಾದಿಗೆ ಆಕೆ ಒಬ್ಬಟ್ಟು ತಂದುಕೊಡುತ್ತಾಳೆ. “ಅವತ್ತು ನೀವು ಹೇಳ್ದೆ ಇದ್ದಿದ್ರೆ ಆ ವಾರ್ಡಿಗೆಲ್ಲಾ ಹರಡ್ತಿತ್ತು ಅಂಕಲ್” ಎನ್ನುತ್ತಾಳೆ. ನಾನು ತಟ್ಟೆ ತೊಳೆದು, ಅದರಲ್ಲಿ ಒಂದಿಷ್ಟು ಖರ್ಜೂರ ಹಾಕಿ ವಾಪಸ್ ಕೊಡುತ್ತೇನೆ. ನಾನು ಕ್ಷಮೆ ಕೇಳದೆ ಉಳಿದಿರುವುದು ಮೂರನೇ ಬಾಗಿಲಿನ ಆ ಮಗಳಲ್ಲಿ.